ಮಗನ ಪ್ರಬಂಧ, ತಂದೆಯ ಖಾತೆ

ಹಾಸನ ಸೀಮೆಯವರ ಹೆಸರಿನ ಮುಂದೆ ನಿಲ್ಲುವ ಒಂದೆರಡು ಅಕ್ಷರಗಳು ಬರಿಯ ಅಲಂಕಾರವಲ್ಲ. ಅವುಗಳಲ್ಲಿ ಒಂದು ಊರೂ ಒಬ್ಬ ತಂದೆಯೂ ಅಡಗಿರುತ್ತಾರೆ. ಅ. ನ. ಕೃಷ್ಣರಾಯರು ಹುಟ್ಟಿದುದು ಕೋಲಾರದಲ್ಲಿ, ಬದುಕಿ ಬರೆದುದು ಬಹುಪಾಲು ಬೆಂಗಳೂರಿನಲ್ಲಿ. ಆದರೂ ಆ ‘ಅ’ ಕಡೆಯವರೆಗೂ ಅರಕಲಗೂಡಾಗಿಯೇ ಉಳಿಯಿತು; ‘ನ’ ಎಂದರೆ ತಂದೆ ನರಸಿಂಗರಾಯರು. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ದೊಡ್ಡೇಗೌಡರ ಮಗ ೧೯೯೬ರಲ್ಲಿ ಪ್ರಧಾನಮಂತ್ರಿಯಾದಾಗ, ಆ ಹಳ್ಳಿಯೂ ಆ ತಂದೆಯೂ ‘ಎಚ್. ಡಿ.’ ಎಂಬ ಎರಡಕ್ಷರಗಳ ಬೆನ್ನೇರಿ ದೆಹಲಿಗೆ ಹೋದುದುಂಟು. ಹಾಸನಕ್ಕೆ ಸಮೀಪದ ಗೊರೂರಿನ ರಾಮಸ್ವಾಮಿ ಅಯ್ಯಂಗಾರ್ಯರಂತೂ ಊರನ್ನು ಒಂದಕ್ಷರಕ್ಕೆ ಮೊಟಕುಮಾಡಲೂ ಒಪ್ಪಲಿಲ್ಲ. ಜನ ಅವರನ್ನು ಗೊರೂರರೆಂದೇ ಕರೆದರು.

ಚನ್ನರಾಯಪಟ್ಟಣ ತಾಲ್ಲೂಕಿನ ಚೋಳೇನಹಳ್ಳಿಯೂ ಹೀಗೆಯೇ ಒಂದಕ್ಷರವಾಗಿ ಲೋಕಸಂಚಾರ ಮಾಡಿದೆ. ಹೃದ್ರೋಗತಜ್ಞ ಡಾಕ್ಟರ್ ಸಿ. ಎನ್. ಮಂಜುನಾಥರ ‘ಸಿ’ ಆ ಚೋಳೇನಹಳ್ಳಿ. ‘ಎನ್’ ತಂದೆ ನಂಜಪ್ಪನವರು. ೧೯೫೭ರಲ್ಲಿ ಹುಟ್ಟಿದ ಇವರು ಮೈಸೂರು, ಬೆಂಗಳೂರು, ಮಂಗಳೂರುಗಳಲ್ಲಿ ವೈದ್ಯಶಾಸ್ತ್ರವನ್ನು ಓದಿ, ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ದುಡಿದು, ಅದರ ನಿರ್ದೇಶಕರಾಗಿ ೨೦೨೪ರ ಜನವರಿಯ ಕೊನೆಯಲ್ಲಿ ನಿವೃತ್ತರಾದರು. ೨೦೦೭ರಲ್ಲಿ ಪದ್ಮಶ್ರೀ ಬಂದಿತು. ಹರದನಹಳ್ಳಿಯ ಮೇಲ್ಕಂಡ ಮನೆಯ ಅಳಿಯಂದಿರೆಂಬುದೂ, ನಿವೃತ್ತಿಯಾದ ವರ್ಷವೇ ಲೋಕಸಭೆಗೆ ಆಯ್ಕೆಯಾದರೆಂಬುದೂ ಎಲ್ಲರೂ ಬಲ್ಲ ಸಂಗತಿ. ರಾಜಕೀಯದ ಆ ಅಧ್ಯಾಯಕ್ಕೂ ಇಲ್ಲಿಯ ಮಾತಿಗೂ ಸಂಬಂಧವಿಲ್ಲ. ಇಲ್ಲಿ ನೋಡಬೇಕಾದುದು ಅವರು ಸಹೋದ್ಯೋಗಿಗಳೊಡನೆ ಬರೆದ ವೈದ್ಯಕೀಯ ಪ್ರಬಂಧಗಳನ್ನು, ಮತ್ತು ಆ ಪ್ರಬಂಧಗಳಿಗೆ ಜಗತ್ತಿನ ಲೆಕ್ಕದ ಪುಸ್ತಕದಲ್ಲಿ ಸಿಕ್ಕಿದ ಜಾಗವನ್ನು.

ಆ ಪುಸ್ತಕವನ್ನು ತೆರೆದೊಡನೆ ಒಂದು ವಿನೋದ ಕಾಣುತ್ತದೆ. ಬಲೂನಿನಿಂದ ಹೃದಯದ ಕವಾಟವನ್ನು ಬಿಡಿಸುವಾಗ ಕವಾಟವು ಹರಿದು ರಕ್ತ ಹಿಂದಕ್ಕೆ ಸೋರತೊಡಗಿದ ೫೦ ರೋಗಿಗಳ ಶಸ್ತ್ರಚಿಕಿತ್ಸೆಯನ್ನು ಕುರಿತ ಪ್ರಬಂಧವೊಂದು ೨೦೧೩ರಲ್ಲಿ ಅಮೆರಿಕದ ಒಂದು ಪತ್ರಿಕೆಯಲ್ಲಿ ಪ್ರಕಟವಾಯಿತು. ಸೂಚಿಯಲ್ಲಿ ಅದರ ಮೊದಲ ಲೇಖಕರ ಹೆಸರು ‘ನಂಜಪ್ಪ ಎಂ. ಸಿ.’ ಮಗನ ಹೆಸರು ಒಂದಕ್ಷರವಾಗಿ ಕುಗ್ಗಿ, ಊರು ಇನ್ನೊಂದಕ್ಷರವಾಗಿ, ತಂದೆಯವರು ಪೂರ್ತಿಯಾಗಿ ಮುಂದೆ ಬಂದು ನಿಂತಿದ್ದಾರೆ. ಬೇರೆ ಕೆಲವು ಪ್ರಬಂಧಗಳಲ್ಲಿ ‘ಮಂಜುನಾಥ್ ಸಿ. ಎನ್.’ ಎಂದಿದೆ. ಎರಡೂ ಒಬ್ಬರೇ ಎಂದು ಚೋಳೇನಹಳ್ಳಿಯ ಯಾರು ಬೇಕಾದರೂ ಹೇಳಬಲ್ಲರು, ಯಂತ್ರ ಹೇಳಲಾರದು. ಅದರ ಕಣ್ಣಿಗೆ ಅವರು ಇಬ್ಬರು. ಮಗನ ದುಡಿಮೆ ತಂದೆಯ ಖಾತೆಗೆ ಜಮೆಯಾಗುವುದು ನಾಡಿಗೇನೂ ಹೊಸತಲ್ಲ. ಆದರೆ ಈ ಬಗೆಯ ಜಮೆಯಿಂದ ಲೆಕ್ಕ ತಪ್ಪುತ್ತದೆ.

ಹೀಗಾಗುವುದಕ್ಕೆ ಕಾರಣ ಸರಳವಾದುದು. ಪಾಶ್ಚಾತ್ಯರ ಹೆಸರಿನಲ್ಲಿ ಕೊನೆಯದು ಮನೆತನದ ಹೆಸರು. ಸೂಚಿ ಹಿಡಿಯುವುದು ಅದನ್ನೇ. ಕನ್ನಡಿಗರಲ್ಲಿ ಅನೇಕರಿಗೆ ಮನೆತನದ ಹೆಸರೆಂಬುದೇ ಇಲ್ಲ. ಪತ್ರಿಕೆಯ ನಮೂನೆಯಲ್ಲಿ ‘ಕೊನೆಯ ಹೆಸರು’ ಎಂಬ ಮನೆಯನ್ನು ತುಂಬಲೇಬೇಕಾದಾಗ ಒಬ್ಬರು ತಂದೆಯನ್ನು ಬರೆಯುತ್ತಾರೆ, ಇನ್ನೊಬ್ಬರು ಊರನ್ನು ಬರೆಯುತ್ತಾರೆ. ಅವಸರದಲ್ಲಿ ಅದೇ ವ್ಯಕ್ತಿ ಇನ್ನೊಂದು ವರ್ಷ ಬೇರೆಯಾಗಿ ಬರೆಯುವುದೂ ಉಂಟು. ರಾವ್, ಗೌಡ, ಮೂರ್ತಿ ಎಂದು ಹೆಸರು ಮುಗಿಯುವವರ ಪಾಡು ಇನ್ನೂ ಕಷ್ಟ. ಅನಕೃ ಕಾದಂಬರಿ ಬರೆಯದೆ ರಸಾಯನಶಾಸ್ತ್ರದ ಪ್ರಬಂಧಗಳನ್ನು ಬರೆದಿದ್ದರೆ ಸೂಚಿ ಅವರನ್ನು ‘ರಾವ್ ಎ. ಎನ್. ಕೆ.’ ಎಂದು ಮಾಡಿ, ದೇಶದ ಸಹಸ್ರಾರು ರಾಯರ ಸಾಲಿನಲ್ಲಿ ಕೂರಿಸಿಬಿಡುತ್ತಿದ್ದಿತು. ಈ ಗೊಂದಲದ ಪರಿಹಾರಕ್ಕೆಂದು ೨೦೧೨ರಿಂದ ‘ಆರ್ಕಿಡ್’ ಎಂಬ ವ್ಯವಸ್ಥೆ ಬಂದಿದೆ: ಸಂಶೋಧಕನೊಬ್ಬನಿಗೆ ೧೬ ಅಂಕೆಗಳ ಒಂದು ಗುರುತು. ಅದು ಇದ್ದರೆ ಹೆಸರು ಹೇಗೆ ಬರೆದರೂ ಲೆಕ್ಕ ಒಂದೇ ಕಡೆ ಸೇರುತ್ತದೆ. ಆದರೆ ಅದಕ್ಕೆ ಹಿಂದಿನ ಪ್ರಬಂಧಗಳನ್ನು ಯಾರಾದರೂ ಕುಳಿತು ಒಂದೊಂದಾಗಿ ಸೇರಿಸಬೇಕು. ಬೆಳಗಿನಿಂದ ರೋಗಿಗಳನ್ನು ನೋಡುವ ವೈದ್ಯನಿಗೆ ಅಷ್ಟು ಪುರಸತ್ತೆಲ್ಲಿ?

ಯಾರು ಯಾರನ್ನು ಉಲ್ಲೇಖಿಸಿದರೆಂದು ಪಟ್ಟಿಮಾಡುವ ಈ ವಿದ್ಯೆಗೆ ಮೂಲಪುರುಷನೆನ್ನಬಹುದಾದವನು ಅಮೆರಿಕದ ಯೂಜೀನ್ ಗಾರ್ಫೀಲ್ಡ್. ಅಲ್ಲಿಯ ವಕೀಲರಿಗೆ ೧೮೭೩ರಿಂದಲೇ ‘ಷೆಪರ್ಡ್ಸ್’ ಎಂಬ ಸೂಚಿಯೊಂದಿತ್ತು; ಹಳೆಯ ತೀರ್ಪೊಂದನ್ನು ಮುಂದೆ ಯಾವ ಯಾವ ತೀರ್ಪಿನಲ್ಲಿ ಎತ್ತಿ ಆಡಿದ್ದಾರೆಂಬುದನ್ನು ಅದು ತೋರಿಸುತ್ತಿತ್ತು. ವಿಜ್ಞಾನಕ್ಕೂ ಅಂತಹುದೊಂದು ಬೇಕೆಂದು ಗಾರ್ಫೀಲ್ಡ್ ೧೯೫೫ರಲ್ಲಿ ಬರೆದ. ೧೯೬೪ರಲ್ಲಿ ‘ಸೈನ್ಸ್ ಸೈಟೇಷನ್ ಇಂಡೆಕ್ಸ್’ ಹೊರಬಂದಿತು. ಅದಕ್ಕೂ ಮೊದಲೇ, ೧೯೪೮ರಲ್ಲಿ, ಗ್ರಂಥಾಲಯದ ಕೆಲಸವನ್ನು ಅಂಕಿಗಳಿಂದ ಅಳೆಯುವ ಶಾಸ್ತ್ರವೊಂದಿರಬೇಕೆಂದು ಇಂಗ್ಲೆಂಡಿನ ಸಭೆಯೊಂದರಲ್ಲಿ ಸೂಚಿಸಿದ್ದವರು ಎಸ್. ಆರ್. ರಂಗನಾಥನ್, ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, ೧೯೬೨ರಲ್ಲಿ ಅಲ್ಲಿ ಗ್ರಂಥಾಲಯ ಶಾಸ್ತ್ರದ ಸಂಶೋಧನ ಕೇಂದ್ರವನ್ನು ಕಟ್ಟಿದವರು. ಗಾರ್ಫೀಲ್ಡನ ಉದ್ದೇಶ ಮಾರ್ಗದರ್ಶನ: ಒಂದು ಪ್ರಬಂಧವನ್ನು ಹಿಡಿದು ಅದರಿಂದ ಕವಲೊಡೆದ ಪ್ರಬಂಧಗಳನ್ನು ಹುಡುಕುವುದು. ಹುಡುಕುವುದಕ್ಕೆ ಮಾಡಿದ ಕೈದೀಪ ಕಾಲಕ್ರಮದಲ್ಲಿ ತಕ್ಕಡಿಯಾಯಿತು. ಎಷ್ಟು ಸಲ ಉಲ್ಲೇಖವಾಯಿತೆಂಬುದೇ ಮನುಷ್ಯನ ತೂಕವೆಂಬ ಭಾವನೆ ಬೆಳೆಯಿತು.

ಆ ತೂಕಕ್ಕೆ ಈಗ ಹೆಚ್ಚು ಬಳಕೆಯಲ್ಲಿರುವ ಬಟ್ಟು ೨೦೦೫ರಲ್ಲಿ ಹರ್ಷ್ ಎಂಬ ಭೌತವಿಜ್ಞಾನಿ ಹೇಳಿದ ‘ಎಚ್-ಸೂಚ್ಯಂಕ’. ಒಬ್ಬ ಅಧ್ಯಾಪಕ ಆರು ಪ್ರಬಂಧಗಳನ್ನು ಬರೆದಿದ್ದಾನೆ, ಅವುಗಳಿಗೆ ಕ್ರಮವಾಗಿ ೪೦, ೨೨, ೯, ೪, ೩, ೦ ಉಲ್ಲೇಖಗಳು ಬಂದಿವೆ ಎಂದುಕೊಳ್ಳೋಣ. ಕನಿಷ್ಠ ನಾಲ್ಕು ಉಲ್ಲೇಖಗಳನ್ನು ಪಡೆದವು ನಾಲ್ಕು. ಐದು ಪಡೆದವು ಐದಿಲ್ಲ. ಆದುದರಿಂದ ಅವನ ಅಂಕ ೪. ಮೊದಲನೆಯದಕ್ಕೆ ೪೦ರ ಬದಲು ೪,೦೦೦ ಬಂದಿದ್ದರೂ ಅಂಕ ನಾಲ್ಕೇ. ಇನ್ನು ಇದೇ ಅಧ್ಯಾಪಕನ ಆರು ಪ್ರಬಂಧಗಳಲ್ಲಿ ಎರಡು ಅವನ ತಂದೆಯ ಹೆಸರಿನಲ್ಲಿ ಸೇರಿಹೋಗಿದ್ದರೆ? ೨೨ ಮತ್ತು ೯ ಉಲ್ಲೇಖಗಳಿರುವವೇ ಅವಾಗಿದ್ದರೆ ಅಂಕ ೩ಕ್ಕೆ ಇಳಿಯುತ್ತದೆ. ಬಡ್ತಿಯ ಮಂಡಳಿಯಲ್ಲಿ ಕುಳಿತವರ ಕೈಗೆ ಬರುವುದು ಆ ಮೂರು ಎಂಬ ಅಂಕಿ ಮಾತ್ರ.

ಉಲ್ಲೇಖ ಹೆಚ್ಚಾಗಿ ಬರುವುದು ಎಂತಹ ಪ್ರಬಂಧಕ್ಕೆ ಎಂಬುದನ್ನು ನೋಡಿದರೆ ಇನ್ನಷ್ಟು ಕುತೂಹಲ. ಇದುವರೆಗೆ ಅತಿ ಹೆಚ್ಚು ಸಲ ಉಲ್ಲೇಖಗೊಂಡಿರುವುದು, ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆಯೆಂದು ಅಳೆಯುವ ವಿಧಾನವನ್ನು ಹೇಳುವ, ೧೯೫೧ರ ಲೌರಿಯ ಪ್ರಬಂಧ: ಮೂರು ಲಕ್ಷಕ್ಕೂ ಮೀರಿ. ಭೀಮವರದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಯಲ್ಲಾಪ್ರಗಡ ಸುಬ್ಬರಾವ್ ಅವರು ಫಿಸ್ಕೆ ಎಂಬಾತನೊಡನೆ ೧೯೨೫ರಲ್ಲಿ ಪ್ರಕಟಿಸಿದ, ರಂಜಕವನ್ನು ಬಣ್ಣದಿಂದ ಅಳೆಯುವ ವಿಧಾನವೂ ಅಂತಹುದೇ. ಪ್ರಯೋಗಾಲಯಗಳಲ್ಲಿ ದಶಕಗಳ ಕಾಲ ಅಡುಗೆಯ ಉಪ್ಪಿನಂತೆ ಅದನ್ನು ಬಳಸಿದರು, ಬಳಸಿದವರೆಲ್ಲ ಉಲ್ಲೇಖಿಸಿದರು. ಅವರ ಹೆಸರಿನದೂ ಇದೇ ಕಥೆ: ಯಲ್ಲಾಪ್ರಗಡ ಎಂಬುದು ಮನೆತನ, ಸುಬ್ಬರಾವ್ ಎಂಬುದು ಇಟ್ಟ ಹೆಸರು, ಸೂಚಿಯಲ್ಲಿ ಮನೆತನ ‘ವೈ’ ಎಂಬ ಒಂದಕ್ಷರವಾಗಿದೆ. ಪ್ರಯೋಗಾಲಯದ ವಿಧಾನವನ್ನು ಬಳಸುವವರು ಪ್ರಬಂಧ ಬರೆಯುವವರು. ಆದುದರಿಂದ ಬಳಕೆಗೂ ಉಲ್ಲೇಖಕ್ಕೂ ಹೊಂದಾಣಿಕೆಯಿದೆ. ಆಸ್ಪತ್ರೆಯ ವಿಧಾನವನ್ನು ಬಳಸಿಕೊಳ್ಳುವವರು ರೋಗಿಗಳು. ಅವರು ಪ್ರಬಂಧ ಬರೆಯುವುದಿಲ್ಲ.

ಚೋಳೇನಹಳ್ಳಿಯ ವೈದ್ಯರ ಪ್ರಬಂಧಗಳನ್ನು ನೋಡಬೇಕಾದುದು ಈ ಬೆಳಕಿನಲ್ಲಿ. ಅವುಗಳಲ್ಲಿ ಮುಖ್ಯವಾದ ಹಲವು, ಹೃದಯದ ಎಡಭಾಗದಲ್ಲಿರುವ ಮೈಟ್ರಲ್ ಕವಾಟ ಕಿರಿದಾಗುವ ರೋಗವನ್ನು ಕುರಿತವು. ಇದರ ಹುಟ್ಟು ಹೃದಯದಲ್ಲಲ್ಲ, ಗಂಟಲಿನಲ್ಲಿ. ಮಕ್ಕಳಿಗೆ ಒಂದು ಬಗೆಯ ರೋಗಾಣುವಿನಿಂದ ಗಂಟಲುನೋವು ಬರುತ್ತದೆ. ಪೆನಿಸಿಲಿನ್ ಸಿಕ್ಕಿದರೆ ಅಲ್ಲಿಗೆ ಮುಗಿಯುತ್ತದೆ. ಸಿಕ್ಕದೆಹೋದರೆ ಕೆಲವರಿಗೆ ಕೆಲವು ವಾರಗಳ ಮೇಲೆ ಜ್ವರ ಬಂದು ಕೀಲುಗಳು ಊದಿಕೊಳ್ಳುತ್ತವೆ. ಕೀಲು ವಾಸಿಯಾಗುತ್ತದೆ; ಕವಾಟಕ್ಕೆ ಆದ ಗಾಯ ಒಳಗೇ ಉಳಿದು, ಅದರ ಎಸಳುಗಳು ವರ್ಷಗಳ ಮೇಲೆ ಅಂಚಿನಲ್ಲಿ ಅಂಟಿಕೊಂಡು ದಾರಿ ಕಿರಿದಾಗುತ್ತದೆ. ಶ್ವಾಸಕೋಶದಲ್ಲಿ ರಕ್ತ ತಡೆದುನಿಂತು ಉಬ್ಬಸ ಬರುತ್ತದೆ. ನೀರಿನ ಕೊಡ ಹೊತ್ತು ನಾಲ್ಕು ಹೆಜ್ಜೆ ನಡೆಯಲಾರದ ಎಳೆಯ ಸೊಸೆಯನ್ನು ಸೋಮಾರಿಯೆಂದು ಮನೆಯವರು ಬೈಯುತ್ತಿರುವಾಗ ಒಳಗೆ ಇದೇ ರೋಗವಿರುವುದುಂಟು. ಅವಳು ಬಸುರಿಯಾದಾಗ ಹೃದಯದ ಮೇಲಿನ ಹೊರೆ ಹೆಚ್ಚಿ ಪ್ರಾಣಕ್ಕೇ ಅಪಾಯ ಒದಗುತ್ತದೆ. ಇಕ್ಕಟ್ಟಿನ ಮನೆ, ದೂರದ ಆಸ್ಪತ್ರೆ, ಬಡತನ ಇವು ಇರುವ ಕಡೆ ಇದು ಹೆಚ್ಚು. ಜಗತ್ತಿನಲ್ಲಿ ನಾಲ್ಕು ಕೋಟಿಗೂ ಮೀರಿದ ಜನರಿಗೆ ಈ ಜ್ವರದಿಂದಾದ ಹೃದ್ರೋಗವಿದೆಯೆಂದು ಅಂದಾಜು. ಅದರಿಂದ ವರ್ಷಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಮಂದಿ ಸಾಯುತ್ತಾರೆ. ಶ್ರೀಮಂತ ದೇಶಗಳಲ್ಲಿ ಇದು ಬಹುಮಟ್ಟಿಗೆ ಮರೆತುಹೋದ ರೋಗ.

ಮೊದಲು ಇದಕ್ಕೆ ಎದೆ ತೆರೆದು ಶಸ್ತ್ರಚಿಕಿತ್ಸೆ ಮಾಡಬೇಕಾಗಿತ್ತು. ಜಪಾನಿನ ಕಾಂಜಿ ಇನೌಯೆ ಎಂಬ ವೈದ್ಯ ೧೯೮೨ರಲ್ಲಿ ಬೇರೊಂದು ದಾರಿಯನ್ನು ತೋರಿಸಿದ. ೧೯೮೪ರಲ್ಲಿ ಅದನ್ನು ಪ್ರಕಟಿಸಿದ. ತೊಡೆಯ ಸಂದಿನ ರಕ್ತನಾಳದಿಂದ ಒಂದು ಸಣ್ಣ ಕೊಳವೆಯನ್ನು ಹೃದಯದ ಬಲಭಾಗಕ್ಕೆ ಏರಿಸಿ, ನಡುಗೋಡೆಯಲ್ಲಿ ಸೂಜಿಯಿಂದ ಕಿಂಡಿ ಮಾಡಿ ಎಡಭಾಗಕ್ಕೆ ದಾಟಿಸಿ, ಕವಾಟದ ನಡುವೆ ಬಲೂನನ್ನು ನಿಲ್ಲಿಸುವುದು. ಬಲೂನಿನ ಮುಂಭಾಗ ಮೊದಲು ಉಬ್ಬಿ ಕವಾಟದಾಚೆ ಕೊಕ್ಕೆಯಂತೆ ಹಿಡಿದುಕೊಳ್ಳುತ್ತದೆ, ಅನಂತರ ಹಿಂಭಾಗ, ಕಟ್ಟಕಡೆಗೆ ನಡು. ನಡು ಉಬ್ಬಿದಾಗ ಅಂಟಿದ್ದ ಎಸಳುಗಳು ಬಿಟ್ಟುಕೊಳ್ಳುತ್ತವೆ. ಎಲ್ಲ ಸೇರಿ ಕೆಲವು ಕ್ಷಣಗಳ ಮಾತು. ಎದೆಯ ಮೇಲೆ ಗಾಯದ ಗೆರೆಯೂ ಇಲ್ಲದೆ ರೋಗಿ ಕೆಲವೇ ದಿನಗಳಲ್ಲಿ ಮನೆಗೆ ನಡೆದುಹೋಗುವಂತಾಯಿತು. ಈ ವಿಷಯವನ್ನು ಕುರಿತು ಆಮೇಲೆ ಬರೆದವರು ಬಹುಮಟ್ಟಿಗೆ ಎಲ್ಲರೂ ಇನೌಯೆಯನ್ನು ಉಲ್ಲೇಖಿಸಿದ್ದಾರೆ. ಅದು ನ್ಯಾಯವೂ ಹೌದು.

ಆದರೆ ಬಲೂನಿನ ಬೆಲೆ? ಭಾರತದ ಸರ್ಕಾರಿ ಆಸ್ಪತ್ರೆಗಳಿಗೆ ಬರುವವರು ಕೊಡಲಾರದಷ್ಟು. ಒಂದು ಬಲೂನನ್ನು ಶುದ್ಧಿಮಾಡಿ ಹಲವು ರೋಗಿಗಳಿಗೆ ಬಳಸುವ ರೂಢಿ ದೇಶದಲ್ಲಿ ಬೆಳೆದುದೇ ಇದರಿಂದ. ಹೀಗಿರುವಾಗ ‘ಅಕ್ಯುರ’ ಎಂಬ ಕಡಿಮೆ ಖರ್ಚಿನ ಬಲೂನು ಬಂದಿತು. ಜಯದೇವದ ಮಂಜುನಾಥರೂ ಅವರ ಜೊತೆಯವರೂ ೧೯೯೮ರಲ್ಲಿ ‘ಜರ್ನಲ್ ಆಫ್ ಇಂಟರ್ವೆನ್ಷನಲ್ ಕಾರ್ಡಿಯಾಲಜಿ’ ಎಂಬ ಪತ್ರಿಕೆಯಲ್ಲಿ ಇನೌಯೆಯ ಬಲೂನನ್ನೂ ಅಕ್ಯುರವನ್ನೂ ಅಕ್ಕಪಕ್ಕದಲ್ಲಿಟ್ಟು ಹೋಲಿಸಿದರು. ಎರಡರ ಫಲವೇನು, ಖರ್ಚಿನಲ್ಲಿ ಉಳಿತಾಯವೆಷ್ಟು ಎಂಬುದೇ ಅಲ್ಲಿಯ ಪ್ರಶ್ನೆ. ಪಾಶ್ಚಾತ್ಯ ಪತ್ರಿಕೆಗಳಲ್ಲಿ ‘ಉಳಿತಾಯ’ ಎಂಬ ಮಾತು ಶೀರ್ಷಿಕೆಗೆ ಏರುವುದು ಅಪರೂಪ. ಶಾಸ್ತ್ರದ ದೃಷ್ಟಿಯಿಂದ ಇದು ಹೊಸ ಆವಿಷ್ಕಾರವಲ್ಲವೆಂದು ಯಾರಾದರೂ ಮೂಗು ಮುರಿಯಬಹುದು. ಒಂದು ಬಲೂನಿನ ಹಣದಲ್ಲಿ ಇನ್ನೊಬ್ಬ ರೋಗಿಗೂ ಚಿಕಿತ್ಸೆ ದೊರಕುವುದು ಶಾಸ್ತ್ರವೋ ಗೃಹಕೃತ್ಯವೋ ಎಂಬ ಚರ್ಚೆಯನ್ನು ಅವರಿಗೇ ಬಿಡಬಹುದು.

೨೦೦೯ರ ಪ್ರಬಂಧ ಇದಕ್ಕಿಂತ ದಿಟ್ಟವಾದುದು. ಹೃದಯದ ಎಡ ಮೇಲ್ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಬಲೂನನ್ನು ಒಯ್ಯಬಾರದೆಂಬುದು ಗ್ರಂಥಗಳ ಮಾತು. ಹೆಪ್ಪು ಕದಲಿ ಮಿದುಳಿಗೆ ಹೋದರೆ ಪಾರ್ಶ್ವವಾಯು ಹೊಡೆಯುತ್ತದೆ. ಆದರೆ ಕವಾಟ ಬಹಳ ದಿನ ಕಿರಿದಾಗಿದ್ದವರಲ್ಲಿ ಹೆಪ್ಪು ಕಾಣುವುದು ಸಾಮಾನ್ಯ, ತಡವಾಗಿ ಆಸ್ಪತ್ರೆಗೆ ಬರುವ ಬಡವರಲ್ಲಂತೂ ಇನ್ನೂ ಸಾಮಾನ್ಯ. ಹೆಪ್ಪು ಎಲ್ಲಿದೆ, ಎಷ್ಟು ಚಾಚಿದೆ ಎಂಬುದನ್ನು ನೋಡಿ ವಿಂಗಡಿಸಿ, ಅದು ಮೇಲ್ಕೋಣೆಯ ಪಕ್ಕದ ಚಿಕ್ಕ ಚೀಲದೊಳಗೇ ಇದ್ದಾಗ, ಕೊಳವೆಯನ್ನು ತಂತಿಯೊಂದರ ಮೇಲೆ ಎಚ್ಚರದಿಂದ ನಡೆಸಿ ಕೆಲಸ ಸಾಧಿಸಬಹುದೆಂದು ಜಯದೇವದವರು ತೋರಿಸಿದರು. ಇಂತಹ ರೋಗಿಗಳು ಇಷ್ಟು ಸಂಖ್ಯೆಯಲ್ಲಿ ಒಂದೇ ಕಡೆ ಸೇರುವುದು ಬೆಂಗಳೂರಿನಂತಹ ಊರಿನಲ್ಲಿ ಮಾತ್ರ ಸಾಧ್ಯ. ಅದು ಹೆಮ್ಮೆಯ ಸಂಗತಿಯೋ ದುಃಖದ ಸಂಗತಿಯೋ ಹೇಳುವುದು ಕಷ್ಟ.

ಆ ಸಂಖ್ಯೆ ಎಷ್ಟೆಂಬುದು ೨೦೧೪ರಲ್ಲಿ ‘ಇಂಡಿಯನ್ ಹಾರ್ಟ್ ಜರ್ನಲ್’ನಲ್ಲಿ ಬಂದ ಮೂರನೆಯ ಪ್ರಬಂಧದಿಂದ ತಿಳಿಯುತ್ತದೆ. ೨೦೧೦ರ ಜನವರಿಯಿಂದ ೨೦೧೨ರ ಡಿಸೆಂಬರಿನವರೆಗೆ ಜಯದೇವದಲ್ಲಿ ಮೊದಲ ಸಲ ಹೃದಯದ ಪ್ರತಿಧ್ವನಿ ಪರೀಕ್ಷೆಗೆ, ಎಂದರೆ ‘ಎಕೋ’ಗೆ, ಒಳಗಾದವರು ೧,೩೬,೦೯೮. ಅವರಲ್ಲಿ ಕವಾಟದ ರೋಗವಿದ್ದವರು ೧೩,೨೮೯. ಹೆಚ್ಚಿನವರಿಗೆ ಕಾರಣ ಬಾಲ್ಯದ ಆ ಜ್ವರವೇ. ಹತ್ತು ಜನ ಪರೀಕ್ಷೆಗೆ ಬಂದರೆ ಸುಮಾರಾಗಿ ಒಬ್ಬರ ಕವಾಟ ಕೆಟ್ಟಿತ್ತು. ರೋಗ ಮುಗಿದುಹೋಯಿತೆಂದು ಭಾವಿಸಿದ್ದವರಿಗೆ ಇದು ಸರಿಯಾದ ಉತ್ತರ. ಮೂರು ವರ್ಷ ದಿನಂಪ್ರತಿ ನಡೆದ ಪರೀಕ್ಷೆಗಳನ್ನು ಒಂದೇ ಕ್ರಮದಲ್ಲಿ ಬರೆದಿಡದೆ ಇದ್ದಿದ್ದರೆ ಈ ಅಂಕಿ ಹುಟ್ಟುತ್ತಿರಲಿಲ್ಲ. ಸರ್ಕಾರಿ ಆಸ್ಪತ್ರೆಯ ದಫ್ತರಗಳ ಗತಿಯನ್ನು ಬಲ್ಲವರಿಗೆ ಇದರ ಬೆಲೆ ತಿಳಿಯುತ್ತದೆ.

ಇಂತಹ ಪ್ರಬಂಧಗಳು ತಕ್ಕಡಿಯಲ್ಲಿ ಹೇಗೆ ತೂಗುತ್ತವೆ? ಉಲ್ಲೇಖಗಳ ಮಳೆ ಬೀಳುವುದು ಬರೆಯುವವರು ಹೆಚ್ಚಾಗಿರುವ ಕ್ಷೇತ್ರದ ಮೇಲೆ. ಕ್ಯಾನ್ಸರ್ ಕುರಿತು ಬರೆಯುವವರ ದಂಡು ದೊಡ್ಡದು. ಗಂಟಲುನೋವಿನಿಂದ ಹೃದಯ ಕೆಡುವ ರೋಗದ ಮೇಲೆ ಬರೆಯುವವರ ಗುಂಪು ಚಿಕ್ಕದು, ಏಕೆಂದರೆ ಸಂಶೋಧನೆಯ ಹಣವಿರುವ ದೇಶಗಳಲ್ಲಿ ಆ ರೋಗಿಗಳಿಲ್ಲ. ಒಂದು ಕ್ಷೇತ್ರದ ಅಂಕವನ್ನು ಇನ್ನೊಂದರ ಅಂಕದ ಪಕ್ಕದಲ್ಲಿಟ್ಟು ಹೋಲಿಸುವುದು ರಾಗಿಯ ಸೇರನ್ನೂ ಕಾಫಿಯ ಸೇರನ್ನೂ ಒಂದೇ ಬೆಲೆಗೆ ಕೊಂಡಂತೆ. ೨೦೧೨ರಲ್ಲಿ ಸಾನ್ ಫ್ರಾನ್ಸಿಸ್ಕೋದಲ್ಲಿ ಕೂಡಿದ ಪತ್ರಿಕಾ ಸಂಪಾದಕರು ಮುಂತಾದವರು, ಪ್ರಬಂಧ ಪ್ರಕಟವಾದ ಪತ್ರಿಕೆಯ ಅಂಕದಿಂದ ಸಂಶೋಧಕನನ್ನು ಅಳೆಯಬಾರದೆಂದು ಘೋಷಣೆ ಹೊರಡಿಸಿದುದೂ ಇಂತಹ ಅನ್ಯಾಯಗಳನ್ನು ಕಂಡೇ.

ಇದು ಬೆಂಗಳೂರಿನ ಹಿರಿಯರೊಬ್ಬರ ಮಾತಷ್ಟೇ ಅಲ್ಲ. ಹಾಸನದಲ್ಲಿ ೨೦೦೬ರಿಂದ ಸರ್ಕಾರಿ ವೈದ್ಯ ಕಾಲೇಜಿದೆ. ದೇಶದ ವೈದ್ಯ ಕಾಲೇಜುಗಳಲ್ಲಿ ಅಧ್ಯಾಪಕರ ಬಡ್ತಿಗೆ ಸೂಚಿಯಲ್ಲಿ ಸೇರಿದ ಪತ್ರಿಕೆಗಳಲ್ಲಿನ ಪ್ರಬಂಧಗಳು ಬೇಕೆಂಬ ನಿಯಮವಿದೆ. ನಿಯಮದ ಉದ್ದೇಶ ಒಳ್ಳೆಯದು. ಆದರೆ ಹಗಲೆಲ್ಲ ಹೊರರೋಗಿಗಳನ್ನು ನೋಡಿ, ರಾತ್ರಿ ಪಾಳಿ ಮುಗಿಸಿದ ಯುವ ವೈದ್ಯನ ಮುಂದೆ, ಹಣ ಕೊಟ್ಟರೆ ಹದಿನೈದು ದಿನದಲ್ಲಿ ಏನನ್ನಾದರೂ ಅಚ್ಚುಹಾಕುವೆವೆನ್ನುವ ಪತ್ರಿಕೆಗಳು ಬಂದು ನಿಲ್ಲುತ್ತವೆ. ವಿಶ್ವವಿದ್ಯಾನಿಲಯಗಳ ಧನಸಹಾಯ ಆಯೋಗ ೨೦೧೮ರಲ್ಲಿ ತಾನೇ ಒಪ್ಪಿದ್ದ ಪಟ್ಟಿಯಿಂದ ೪,೩೦೫ ಪತ್ರಿಕೆಗಳನ್ನು ತೆಗೆದುಹಾಕಬೇಕಾಯಿತು. ಅರಕಲಗೂಡು, ಹೊಳೆನರಸೀಪುರಗಳಿಂದ ಬರುವ ರೋಗಿಗಳ ದಾಖಲೆಗಳನ್ನು ಐದಾರು ವರ್ಷ ತಾಳ್ಮೆಯಿಂದ ಇಟ್ಟರೆ ೨೦೧೪ರ ಪ್ರಬಂಧದಂತಹುದನ್ನು ಹಾಸನದಲ್ಲಿಯೂ ಬರೆಯಬಹುದು. ಬಡ್ತಿಯ ಕಾಗದ ಅಷ್ಟು ದಿನ ಕಾಯುವುದಿಲ್ಲ.

ಕಾಯುವ ಮಾತು ಬಂದಾಗ ಕಲ್ಕತ್ತೆಯ ಶಂಭುನಾಥ ಡೇ ನೆನಪಾಗುತ್ತಾರೆ. ಕಾಲರಾ ರೋಗಾಣು ಸುರಿಸುವ ವಿಷವೇ ಆ ಭೇದಿಗೆ ಕಾರಣವೆಂದು ಮೊಲದ ಕರುಳಿನಲ್ಲಿ ತೋರಿಸಿ, ೧೯೫೯ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟ್ಟ ಪ್ರಬಂಧವನ್ನು ಅವರು ಪ್ರಕಟಿಸಿದರು. ಕೆಲವು ವರ್ಷ ಅದನ್ನು ಗಮನಿಸಿದವರು ಕಡಿಮೆ. ಅನಂತರ ಕಾಲರಾದ ಸಂಶೋಧನೆಯೆಲ್ಲ ಅದರ ಸುತ್ತ ಬೆಳೆಯಿತು. ೧೯೭೮ರಲ್ಲಿ ಕಾಲರಾ ಕುರಿತ ನೊಬೆಲ್ ವಿಚಾರಗೋಷ್ಠಿಗೆ ಅವರಿಗೆ ಕರೆ ಬಂದಾಗ ಅವರು ನಿವೃತ್ತರಾಗಿದ್ದರು. ೧೯೮೫ರಲ್ಲಿ ತೀರಿಕೊಂಡರು. ಮಾರನೆಯ ವರ್ಷ, ಸೂಚಿಯನ್ನು ಕಟ್ಟಿದ ಗಾರ್ಫೀಲ್ಡನೇ ತನ್ನ ಲೆಕ್ಕದ ಪುಸ್ತಕವನ್ನು ತಿರುವಿಹಾಕಿ, ಡೇಯವರ ಕೆಲಸ ಎಷ್ಟು ದೊಡ್ಡದೆಂದು ಒಂದು ಲೇಖನ ಬರೆದ. ೧೯೯೦ರಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆ ಅವರ ಸ್ಮರಣೆಗೆ ವಿಶೇಷ ಸಂಚಿಕೆಯೊಂದನ್ನು ಹೊರತಂದಿತು.